ಆರೂವರೆ ಗಂಟೆ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಕೈಲಾಸಬೇನ್ ಹೊಲಿದುಕೊಟ್ಟ ರವಿಕೆ ಹಸಿರೋ, ಹಸಿರಿಗೆ ಹತ್ತಿರದ ನೀಲಿಯೋ — ಈಗ ಖಚಿತವಿಲ್ಲ. ಆ ಸಂಜೆ ಅವರ ಓಣಿಯ ಪೆಂಡಾಲಿನಲ್ಲಿ ಹಾಡು ಹಾಕಿದ್ದರು ಎಂದು ನನ್ನ ನೆನಪು ಹೇಳುತ್ತದೆ. ಅದು ಬೇರೆ ಯಾವುದೋ ಸಂಜೆಯ ಹಾಡು ಬಂದು ಇಲ್ಲಿ ಸೇರಿಕೊಂಡಿರಲೂಬಹುದು. ಹನ್ನೊಂದು ವರ್ಷವಾಗಿದೆ. ಆದರೆ ಎರಡು ಸಂಗತಿಗಳಲ್ಲಿ ನನಗೆ ಅನುಮಾನವಿಲ್ಲ. ಜಶುಭಾಯಿಗೆ ಹೇಳಬೇಕಾಗಿದ್ದ ಒಂದು ಮಾತನ್ನು ನಾನು ಹೇಳಲಿಲ್ಲ. ಆ ಕಾರಣಕ್ಕೆ ಅವರ ಬಲಗೈಯ ಮೂರು ಬೆರಳು ಹೋದಾಗ, ‘ಅಪಘಾತಕ್ಕೆ ಮುಂಚೆ ಎಷ್ಟು ಹೊತ್ತು ಕೆಲಸ ಮಾಡಿದ್ದ’ ಎಂಬ ಅಂಕಣದಲ್ಲಿ ನಾನೇ ನನ್ನ ಕೈಯಾರೆ ‘ಆರೂವರೆ ಗಂಟೆ’ ಎಂದು ಬರೆದೆ. ಅದು ಸುಳ್ಳು. ಬರೆಯುವಾಗಲೇ ಸುಳ್ಳೆಂದು ಗೊತ್ತಿತ್ತು.

ನಾನು ದಿನಚರಿ ಬರೆಯುವವಳು. ಆ ವರ್ಷದ ಪುಸ್ತಕ ನನ್ನ ಹತ್ತಿರ ಇದೆ. ಆ ಗುರುವಾರದ ಪುಟದಲ್ಲಿ ಇರುವುದು ಇಷ್ಟೇ — ‘ರವಿಕೆ ತಂದೆ. ತೋಳು ಸ್ವಲ್ಪ ಬಿಗಿ. ಸೀರೆಗೆ ಇಸ್ತ್ರಿ ಆಗಬೇಕು.’ ಮುಂದಿನ ನಾಲ್ಕು ಪುಟ ಖಾಲಿ. ನೆನಪು ಸುಳ್ಳು ಹೇಳುತ್ತದೆ ಎಂದು ದಿನಚರಿ ಬರೆಯತೊಡಗಿದವಳು ನಾನು. ದಿನಚರಿಯೂ ಸುಳ್ಳು ಹೇಳುತ್ತದೆ, ಖಾಲಿ ಬಿಟ್ಟು.

ಆಗ ನಾನು ಗುಜರಾತಿನ ವಟ್ವಾದಲ್ಲಿ ಒಂದು ಬಣ್ಣದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದೆ. ಬಟ್ಟೆಗೆ ಹಾಕುವ ಬಣ್ಣ ತಯಾರಿಸುವ ಜಾಗ. ಸಂಖ್ಯಾಶಾಸ್ತ್ರದಲ್ಲಿ ಎಂಎಸ್ಸಿ ಮಾಡಿ ಎರಡು ವರ್ಷ ಮನೆಯಲ್ಲಿ ಕೂತಿದ್ದವಳನ್ನು ಅಲ್ಲಿಗೆ ಸೇರಿಸಿದವರು ಭಾವ — ನನ್ನ ಅಕ್ಕನ ಗಂಡ ಮಂಜುನಾಥ. ದಾವಣಗೆರೆಯಿಂದ ಬಂದು ಅದೇ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷದಿಂದ ಆಪರೇಟರ್ ಆಗಿದ್ದವರು. ಅಲ್ಲಿ ಎಲ್ಲರಿಗೂ ಅವರು ಮಂಜುಭಾಯಿ, ನಾನು ಸುಮಾಬೇನ್ — ನಮ್ಮಲ್ಲಿ ಅಣ್ಣ, ಅಕ್ಕ ಅನ್ನುವ ಹಾಗೆ. ಅಪ್ಪ ಅಮ್ಮ ಇಬ್ಬರೂ ತೀರಿಕೊಂಡ ಮೇಲೆ ನಾನು ಅಕ್ಕ-ಭಾವನ ಮನೆಯಲ್ಲೇ ಇದ್ದೆ. ನನ್ನ ಕೆಲಸ ಪಾಳಿಯ ಪಟ್ಟಿ ಮಾಡುವುದು, ಹಾಜರಿ ಕಾರ್ಡು ನೋಡಿಕೊಳ್ಳುವುದು, ಗಾಯ-ಅಪಘಾತ ಆದರೆ ವರದಿ ಬರೆಯುವುದು.

ಜಶುಭಾಯಿ ಮತ್ತು ಭಾವ ಒಂದೇ ಯಂತ್ರದ ಮೇಲೆ ಪಾಳಿ ಬದಲಾಯಿಸುವ ಜೊತೆಗಾರರು. ಒಬ್ಬರು ಬಂದರೆ ಇನ್ನೊಬ್ಬರು ಹೋಗುವುದು. ಹಾಗಾಗಿ ಅವರ ಸ್ನೇಹವೆಲ್ಲ ದಿನಕ್ಕೆ ಹತ್ತು ನಿಮಿಷದ್ದು — ಯಂತ್ರದ ಪಕ್ಕ ನಿಂತು, ಒಬ್ಬರು ಕೈ ತೊಳೆಯುತ್ತ, ಇನ್ನೊಬ್ಬರು ಕೈಗವಸು ಹಾಕಿಕೊಳ್ಳುತ್ತ. ಆ ಹತ್ತು ನಿಮಿಷ ವರ್ಷಾನುಗಟ್ಟಲೆ ಸೇರಿ ಎಂಥ ಸ್ನೇಹವಾಗಿತ್ತೆಂದರೆ, ಭಾವನ ಮಗಳು ಹುಟ್ಟಿದಾಗ ಮೊದಲು ಸಿಹಿ ತಿಂದವರು ಜಶುಭಾಯಿ.

ಕಾರ್ಖಾನೆಯ ಒಂದು ರೂಢಿಯನ್ನು ಇಲ್ಲಿ ಹೇಳಬೇಕು. ಪಾಳಿ ಮುಗಿದರೂ ಬದಲಿಯವನು ಬಾರದೆ ಯಂತ್ರ ಬಿಟ್ಟು ಹೋಗುವಂತಿಲ್ಲ. ಬದಲಿ ಬರದಿದ್ದರೆ ಇದ್ದವನೇ ಮುಂದಿನ ಪಾಳಿಯನ್ನೂ ಮಾಡಬೇಕು. ಆದರೆ ಒಬ್ಬನೇ ಮನುಷ್ಯ ಹದಿನಾರು ಗಂಟೆ ದುಡಿದದ್ದು ಕಾಗದದಲ್ಲಿ ಕಾಣಬಾರದು. ಅದಕ್ಕೆ ಅವರೇ ಕಂಡುಕೊಂಡ ದಾರಿ ಇತ್ತು — ಏಳು ಗಂಟೆಗೆ ತನ್ನ ಕಾರ್ಡನ್ನು ಗಡಿಯಾರದ ಯಂತ್ರಕ್ಕೆ ತೂರಿಸಿ ಹೊರಗೆ ಹೋದಂತೆ ಮಾಡುವುದು, ಬದಲಿಯವನ ಕಾರ್ಡು ತೂರಿಸಿ ಅವನು ಒಳಗೆ ಬಂದಂತೆ ಮಾಡುವುದು. ಕಾಗದದಲ್ಲಿ ಒಬ್ಬ ಮನೆಗೆ ಹೋದ, ಇನ್ನೊಬ್ಬ ಬಂದ. ಯಂತ್ರದ ಮುಂದೆ ಮಾತ್ರ ಅದೇ ಮನುಷ್ಯ, ಅದೇ ಕಣ್ಣು. ಕಚೇರಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ನನಗೂ. ‘ಚಾಲ್ಶೇ’ ಅನ್ನುತ್ತಿದ್ದರು — ನಡೆಯುತ್ತೆ ಬಿಡಿ ಅಂತ.

ಈ ಕಳ್ಳ ರೂಢಿಗೂ ಒಂದು ಮರ್ಯಾದೆ ಇತ್ತು. ಹಿಂದಿನ ದಿನವೇ ಹೇಳಬೇಕು. ಹೇಳಿದರೆ ಆತ ಹಗಲೆಲ್ಲ ಮಲಗಿ ಬರುತ್ತಾನೆ. ಹೇಳದೆ ಕೈ ಕೊಟ್ಟವನನ್ನು ಯಾರೂ ಕ್ಷಮಿಸುತ್ತಿರಲಿಲ್ಲ.

ಆ ವಾರ ಜಶುಭಾಯಿಗೆ ರಾತ್ರಿ ಹನ್ನೊಂದರಿಂದ ಬೆಳಿಗ್ಗೆ ಏಳರ ಪಾಳಿ. ಏಳರಿಂದ ಮೂರರದ್ದು ಭಾವನದು. ಬುಧವಾರ ಸಂಜೆ ವಡೋದರಾದಿಂದ ಫೋನ್ ಬಂತು. ನನ್ನನ್ನು ನೋಡಬೇಕೆಂದಿದ್ದ ಗಂಡಿನ ಕಡೆಯವರು — ಹಾವೇರಿಯವರು, ಹುಡುಗ ಬ್ಯಾಂಕಿನಲ್ಲಿ, ವಡೋದರಾದ ತನ್ನ ಅಕ್ಕನ ಮನೆಗೆ ಬಂದಿದ್ದ — ಶುಕ್ರವಾರವೇ ಬನ್ನಿ, ಶನಿವಾರ ಅವನು ಹೊರಡುತ್ತಾನೆ ಎಂದರು. ಹಿರಿಯರಾಗಿ ಭಾವ ಬರಲೇಬೇಕು. ರಜೆ ಕೇಳಲು ಹೊತ್ತಿರಲಿಲ್ಲ.

ಗುರುವಾರ ಊಟದ ಹೊತ್ತಿಗೆ ಭಾವ ನನ್ನ ಮೇಜಿನ ಹತ್ತಿರ ಬಂದರು. ‘ಬೆಳಿಗ್ಗೆ ಪಾಳಿ ಬದಲಾಗುವಾಗ ಸಾಹೇಬರು ಎದುರಿಗಿದ್ರು, ಹೇಳಾಕಾಗಲಿಲ್ಲ. ಈಗ ಜಶುಭಾಯಿ ಫೋನ್ ಎತ್ತವಲ್ಲ ಕಣಮ್ಮ. ಸಂಜೆ ಹೆಂಗೂ ರವಿಕೆ ತರಾಕೆ ಅವರ ಮನೆಗೆ ಹೋಗ್ತೀಯಲ್ಲ? ನಾಳೆ ನಾನು ಬರಲ್ಲ, ನನ್ನ ಪಾಳಿನೂ ನೋಡ್ಕ ಅಂತ ಹೇಳಿಬಿಡು. ಮರೀಬ್ಯಾಡ ಮತ್ತೆ.’

‘ಹೇಳ್ತೀನಿ ಭಾವ.’

ಇಲ್ಲಿಂದ ಮುಂದೆ ನಾನು ನಿಧಾನವಾಗಿ ಬರೆಯಬೇಕು. ಯಾಕೆಂದರೆ ಎಷ್ಟೋ ವರ್ಷ ನಾನು ಇದನ್ನು ‘ಮರೆತೆ’ ಎಂಬ ಒಂದೇ ಪದದಲ್ಲಿ ದಾಟಿಬಿಟ್ಟಿದ್ದೇನೆ.

ಮರೆಯಲಿಲ್ಲ. ಕೈಲಾಸಬೇನ್ — ಜಶುಭಾಯಿಯ ಹೆಂಡತಿ — ಮನೆಯ ಹೊರಗಿನ ಜಗುಲಿಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದರು. ನಾನು ಹೋದಾಗ ರವಿಕೆಗೆ ಹುಕ್ಕು ಹಾಕುತ್ತಿದ್ದರು. ಹಲ್ಲಿನಿಂದ ದಾರ ಕತ್ತರಿಸಿ, ನನ್ನನ್ನು ಮೇಲಿಂದ ಕೆಳಗೆ ನೋಡಿ ಕೇಳಿದರು, ‘ನಿಜ ಹೇಳು ಸುಮಾಬೇನ್, ಗೆಳತಿಯ ಮದುವೆಗೆ ಇಷ್ಟು ಅವಸರವಾ? ಮೂರು ದಿನದ ಕೆಲಸ ಒಂದೇ ದಿನದಲ್ಲಿ ಮಾಡಿಸಿದೆಯಲ್ಲ!’

‘ಗೆಳತಿ ಮದುವೆನೇ ಬೇನ್.’

‘ಗೆಳತಿಗೆ ಅಣ್ಣ ಇದ್ದಾನೆ ಹಾಗಾದರೆ’ ಎಂದು ನಕ್ಕರು.

ಅದಕ್ಕೂ ಮುಂಚೆ ಎರಡು ಗಂಡುಗಳು ನನ್ನನ್ನು ನೋಡಿ ಹೋಗಿದ್ದವು. ಎರಡೂ ಸಲ ಓಣಿಗೆಲ್ಲ ಗೊತ್ತಾಗಿ, ಎರಡೂ ಸಲ ಒಂದು ವಾರವಾದ ಮೇಲೆ ‘ಏನಂದರು? ಏನಂದರು?’ ಎಂದು ಕೇಳಿದವರಿಗೆಲ್ಲ ಉತ್ತರ ಕೊಡಬೇಕಾಗಿ ಬಂದಿತ್ತು. ಮೂವತ್ತನಾಲ್ಕು ತುಂಬಿತ್ತು ನನಗೆ. ಈ ಸಲ ಯಾರಿಗೂ ಗೊತ್ತಾಗಬಾರದು ಎಂದು ಗೆಳತಿಯ ಮದುವೆಯ ಕತೆ ಕಟ್ಟಿದ್ದೆ. ನಾಳೆ ಭಾವ ಕೆಲಸಕ್ಕೆ ಬರುವುದಿಲ್ಲ ಎಂದು ಆ ಕ್ಷಣ ಬಾಯಿಬಿಟ್ಟರೆ — ಅವಸರದ ರವಿಕೆ, ನನ್ನ ರಜೆ, ಭಾವನ ರಜೆ — ಕೈಲಾಸಬೇನ್ ಮೂರನ್ನೂ ಒಂದೇ ಹೊಲಿಗೆಯಲ್ಲಿ ಸೇರಿಸಿಬಿಡುತ್ತಿದ್ದರು.

ಜಶುಭಾಯಿಯೂ ಅಲ್ಲೇ ಇದ್ದರು. ಅದನ್ನೂ ಬರೆಯಬೇಕು. ಓಣಿಯ ತುದಿಯಲ್ಲಿ ಅವರ ತಮ್ಮನ ಮಗಳ ನಿಶ್ಚಿತಾರ್ಥಕ್ಕೆ ಪೆಂಡಾಲು ಹಾಕಿದ್ದರು. ಅವರು ಕುರ್ಚಿ ಹೊರುತ್ತಿದ್ದರು, ಒಂದರ ಮೇಲೊಂದು ಆರು ಕುರ್ಚಿ. ಬೆಳಿಗ್ಗೆ ಪಾಳಿ ಮುಗಿಸಿ ಬಂದು ಎರಡು ಗಂಟೆ ಮಲಗಿದ್ದಷ್ಟೆ ಎಂದು ಕೈಲಾಸಬೇನ್ ಗೊಣಗಿದರು. ‘ನಾಳೆ ಬೆಳಿಗ್ಗೆ ಬಂದು ಸಂಜೆ ತನಕ ಮಲಗ್ತೀನಿ ಅಂತಾರೆ. ಇವರ ನಿದ್ದೆ ಯಾವಾಗಲೂ ನಾಳೆಗೆ.’ ಜಶುಭಾಯಿ ನನ್ನನ್ನು ಕಂಡು ಕುರ್ಚಿಗಳ ಹಿಂದಿನಿಂದ ತಲೆ ಆಡಿಸಿದರು. ಕೂಗಿದ್ದರೆ ಕೇಳಿಸುತ್ತಿತ್ತು. ಇಪ್ಪತ್ತು ಹೆಜ್ಜೆ ದೂರ. ಹದಿನೈದೂ ಇರಬಹುದು.

ಅವರು ಹೇಗಿದ್ದರೂ ಇದ್ದೇ ಮಾಡುತ್ತಾರೆ, ಹಿಂದೆಯೂ ಮಾಡಿದ್ದಾರೆ — ಹೀಗೆ ನಾನು ಅಂದುಕೊಂಡೆನಾ? ಅಥವಾ ಆಮೇಲೆ ಸೇರಿಸಿಕೊಂಡ ಮಾತಾ ಇದು? ಗೊತ್ತಿಲ್ಲ. ರವಿಕೆಯನ್ನು ಚೀಲಕ್ಕೆ ಹಾಕಿಕೊಂಡು ನಡೆದುಬಂದೆ ಎನ್ನುವುದು ಗೊತ್ತು.

ಮಾರನೆಯ ಬೆಳಿಗ್ಗೆ ಏಳೂಕಾಲರ ಹೊತ್ತಿಗೆ ನಾವು ವಡೋದರಾದ ಗಾಡಿಯಲ್ಲಿದ್ದೆವು. ಭಾವನ ಫೋನ್ ಬಡಿಯಿತು. ತೆಗೆದು ನೋಡಿದರು.

‘ಜಶುಭಾಯಿ. ನೀನು ಹೇಳಿದೀಯಲ್ಲ?’

ಸಾವಿರ ಸಲ ನಾನು ಆ ಗಾಡಿಗೆ ವಾಪಸು ಹೋಗಿದ್ದೇನೆ. ಆಗಿನ್ನೂ ಏನೂ ಆಗಿರಲಿಲ್ಲ. ಕೈಗೆ ಆರು ಗಂಟೆ ಇತ್ತು. ‘ಇಲ್ಲ ಭಾವ, ಹೇಳಲಿಲ್ಲ’ ಎಂದಿದ್ದರೆ ಅವರು ಬೈಯುತ್ತಿದ್ದರು, ಫೋನ್ ಎತ್ತಿ ಮೇಲ್ವಿಚಾರಕರಿಗೆ ಹೇಳುತ್ತಿದ್ದರು, ಯಾರನ್ನೋ ಒಬ್ಬರನ್ನು ಕರೆಸುತ್ತಿದ್ದರು. ಅಷ್ಟೇ ಆಗುತ್ತಿತ್ತು. ಒಂದು ಬೈಗುಳ.

‘ಹೇಳಿದೀನಿ’ ಎಂದೆ.

‘ಹಂಗಾರೆ ಕಾರ್ಡು ಎಲ್ಲೈತೆ ಅಂತ ಕೇಳಾಕಿರಬೇಕು. ಈ ಗದ್ದಲದಾಗೆ ಏನೂ ಕೇಳಲ್ಲ, ಆಮೇಲೆ ಮಾಡಿದ್ರಾತು’ ಎಂದು ಫೋನನ್ನು ಜೇಬಿಗೆ ಹಾಕಿಕೊಂಡರು. ನನ್ನ ಸೀರೆಯ ಸೆರಗು ನೋಡಿ, ‘ಚೆಂದ ಕಾಣ್ತೀಯ, ಹೆದರಬ್ಯಾಡ’ ಎಂದರು.

ವಡೋದರಾದಲ್ಲಿ ಉಪ್ಪಿಟ್ಟು ಕೊಟ್ಟರು, ಆಮೇಲೆ ಊಟವನ್ನೂ ಹಾಕಿದರು. ಹುಡುಗ ನನ್ನ ಕಡೆಗಿಂತ ಗೋಡೆಯ ಕ್ಯಾಲೆಂಡರಿನ ಕಡೆಗೇ ಹೆಚ್ಚು ನೋಡಿದ. ಅವನ ಅಕ್ಕ ಕೇಳಿದರು, ‘ಬಣ್ಣದ ಫ್ಯಾಕ್ಟರಿ ಅಂದ್ರಲ್ಲ, ಕೈಗೆಲ್ಲ ಬಣ್ಣ ಹತ್ತತದೇನು?’ ನಾನು ಎರಡೂ ಅಂಗೈ ಚಾಚಿ ತೋರಿಸಿದೆ. ‘ನಾನು ಆಫೀಸಿನಲ್ಲಿರೋದು’ ಎಂದೆ. ಎಲ್ಲರೂ ನಕ್ಕರು. ಸರಿಯಾಗಿ ಆ ಹೊತ್ತಿಗೇ ಅಲ್ಲಿ — ಎಂದು ನನ್ನ ನೆನಪು ಎಷ್ಟೋ ಸಲ ಹೇಳಲು ನೋಡುತ್ತದೆ. ನಾನು ಅದಕ್ಕೆ ಬಿಡುವುದಿಲ್ಲ. ಊಟಕ್ಕೆ ಮುಂಚೆ ಕೈ ತೋರಿಸಿದೆನೋ, ಆಮೇಲೋ, ನನಗೆ ಗೊತ್ತಿಲ್ಲ. ಅಪಘಾತ ಆದದ್ದು ಒಂದೂವರೆಗೆ. ಅದು ಮಾತ್ರ ಗೊತ್ತು.

ಸುದ್ದಿ ಬಂದಾಗ ನಾವು ವಾಪಸು ಬರಲು ಸ್ಟೇಷನ್ನಿನಲ್ಲಿ ನಿಂತಿದ್ದೆವು. ಭಾವ ಫೋನ್ ಕಿವಿಯಿಂದ ತೆಗೆದು ಬಹಳ ಹೊತ್ತು ಕೈಯಲ್ಲೇ ಹಿಡಿದುಕೊಂಡರು. ಆಮೇಲೆ ನಿಧಾನವಾಗಿ ಮುಖದಲ್ಲಿ ಸಿಟ್ಟು ಬಂತು. ‘ಹಿಂದಿನ ದಿನನೇ ಹೇಳೀವಿ. ಹೇಳಿದ ಮ್ಯಾಲೂ ಹೋಗಿ ಪೆಂಡಾಲ್ ಹಾಕ್ಕಂಡು ಕುಂತರೆ? ಮಲಗಬೇಕಾಗಿತ್ತಿಲ್ಲೋ ಅವನು?’

ಪೆಂಡಾಲಿನ ವಿಷಯವನ್ನು ಅವರಿಗೆ ಹೇಳಿದವಳು ನಾನೇ. ಹಿಂದಿನ ರಾತ್ರಿ ಊಟ ಮಾಡುವಾಗ.

ಆ ಯಂತ್ರದ ಬಗ್ಗೆ ಎರಡು ಮಾತು. ಒದ್ದೆ ಬಣ್ಣದ ಮುದ್ದೆಯನ್ನು ದೊಡ್ಡ ಡ್ರಮ್ಮಿನಲ್ಲಿ ಹಾಕಿ ಗಿರಗಿರನೆ ತಿರುಗಿಸುತ್ತಾರೆ. ನೀರು ಹೊರಗೆ ಹೋಗಿ ಬಣ್ಣ ಗೋಡೆಗೆ ಅಂಟಿಕೊಳ್ಳುತ್ತದೆ. ಡ್ರಮ್ಮು ಪೂರ್ತಿ ನಿಂತ ಮೇಲೆ ಮುಚ್ಚಳ ತೆಗೆದು ಕೆರೆದು ತೆಗೆಯಬೇಕು. ಆಫ್ ಮಾಡಿದ ತಕ್ಷಣ ಅದು ನಿಲ್ಲುವುದಿಲ್ಲ. ಕಾಯಬೇಕು. ಹದಿನೆಂಟು ವರ್ಷ ಜಶುಭಾಯಿ ಕಾದಿದ್ದರು. ಅವರ ಕೈಗೆ ಒಂದು ಗೀರು ಬಿದ್ದ ದಾಖಲೆಯೂ ನನ್ನ ಕಡತದಲ್ಲಿ ಇರಲಿಲ್ಲ. ‘ಕಾಯೋದೇ ನನ್ನ ಕೆಲಸ, ಉಳಿದದ್ದು ಯಂತ್ರದ್ದು’ ಎನ್ನುತ್ತಿದ್ದರು.

ಶನಿವಾರ ಆಸ್ಪತ್ರೆಗೆ ಹೇಳಿಕೆ ಬರೆದುಕೊಳ್ಳಲು ನನ್ನನ್ನೇ ಕಳಿಸಿದರು. ಅವರ ಬಲಗೈ ದೊಡ್ಡ ಬಿಳಿ ಗಂಟಾಗಿತ್ತು. ಕೈಲಾಸಬೇನ್ ತಲೆಯ ಹತ್ತಿರ ಕೂತಿದ್ದರು, ಬಾಯಿಗೆ ಸೆರಗು ಒತ್ತಿಕೊಂಡು.

‘ಬರೆದುಕೊಳ್ಳಿ ಬೇನ್,’ ಎಂದರು ಜಶುಭಾಯಿ. ‘ಡ್ರಮ್ಮು ನಿಂತದ್ದನ್ನು ನಾನು ನೋಡಿದೆ. ಕಣ್ಣಾರೆ ನೋಡಿದೆ. ಆಮೇಲೆ ಕೈ ಹಾಕಿದೆ. ಈಗ ಯೋಚನೆ ಮಾಡಿದರೆ — ಅದು ನಿಂತದ್ದನ್ನು ನೋಡಿದ್ದು ನಿದ್ದೆಯಲ್ಲಿ. ನಿಂತುಕೊಂಡೇ, ಕಣ್ಣು ತೆರೆದುಕೊಂಡೇ ನಿದ್ದೆ ಬಂದಿತ್ತು ನನಗೆ.’ ಆಮೇಲೆ ಸೇರಿಸಿದರು, ‘ಮಂಜುಭಾಯಿಗೆ ಏನೋ ಅಡಚಣೆ ಬಂದಿರಬೇಕು. ಗೊತ್ತಿದ್ದಿದ್ದರೆ ಮಲಗಿಬಿಡ್ತಿದ್ದೆ. ಕುರ್ಚಿ ಹೊರೋದಕ್ಕೆ ಬೇರೆ ಯಾರೂ ಇರಲಿಲ್ಲವಾ?’

ನಾನು ಬರೆದುಕೊಂಡೆ. ಒಂದೊಂದು ಮಾತನ್ನೂ. ಆ ಕಾಗದ ಕಚೇರಿಗೆ ಬಂದು ಒಂದು ಗಂಟೆ ಬದುಕಿತು.

‘ಸುಮಾಬೇನ್, ಕಾರ್ಡು ನೋಡಿದ್ದೀರಾ?’ ಎಂದರು ಮ್ಯಾನೇಜರ್. ‘ಏಳು ಗಂಟೆಗೆ ಜಶು ಹೊರಗೆ ಹೋಗಿದ್ದಾನೆ. ಒಳಗೆ ಇಲ್ಲದ ಮನುಷ್ಯನ ಬೆರಳು ಒಳಗೆ ಹೇಗೆ ಹೋಯಿತು ಅಂತ ಬರೀತೀರಿ?’ ಅವರು ಗದರಿಸಲಿಲ್ಲ. ಚಹಾ ತರಿಸಿಕೊಟ್ಟರು. ದಾರಿಯನ್ನೂ ಅವರೇ ತೋರಿಸಿದರು — ಇಬ್ಬರೂ ಪಾಳಿ ಅದಲುಬದಲು ಮಾಡಿಕೊಂಡಿದ್ದರು, ಪಟ್ಟಿಯಲ್ಲಿ ಹೆಸರು ಬದಲಾಗಿರದಿದ್ದರಿಂದ ಒಬ್ಬರ ಕಾರ್ಡನ್ನು ಇನ್ನೊಬ್ಬರು ತೂರಿಸಿದರು ಅಂತ ಬರೆಯಿರಿ. ರಾತ್ರಿ ಪಾಳಿ ಮಂಜುನಾಥ ಮಾಡಿದ. ಜಶು ರಾತ್ರಿಯೆಲ್ಲ ಮನೆಯಲ್ಲಿ ಮಲಗಿ, ಏಳಕ್ಕೆ ಬಂದ. ಆಗ ಎಲ್ಲ ಕೂಡಿಕೊಳ್ಳುತ್ತದೆ. ಎರಡು ಪಾಳಿ ಮಾಡಿಸಿದ ಮಾತೇ ಇಲ್ಲ. ಇಲ್ಲದಿದ್ದರೆ ಎರಡು ಪಾಳಿ ಮುಚ್ಚಿಡಲು ಸುಳ್ಳು ಕಾರ್ಡು ತೂರಿಸಿದ ತಪ್ಪಿಗೆ ಇಬ್ಬರ ಕೆಲಸವೂ ಹೋಗುತ್ತದೆ, ನಿಮ್ಮ ಭಾವನದೂ. ಯೋಚನೆ ಮಾಡಿ.

ಇದನ್ನು ನೆಪವಾಗಿ ಬರೆಯುತ್ತಿಲ್ಲ. ಯೋಚನೆ ಮಾಡಲು ನನಗೆ ಹೇಳಿದರು, ನಾನು ಮಾಡಲಿಲ್ಲ. ಒಂದು ವಿಷಯ ಮಾತ್ರ ತಕ್ಷಣ ಹೊಳೆಯಿತು — ಜಶುಭಾಯಿ ಚೆನ್ನಾಗಿ ಮಲಗಿ ಬಂದಿದ್ದರು ಎಂದು ಕಾಗದವೇ ಹೇಳಿದರೆ, ಅವರಿಗೆ ಯಾರು ಹೇಳಿದರು, ಯಾರು ಹೇಳಲಿಲ್ಲ ಎಂಬ ಪ್ರಶ್ನೆ ಎಲ್ಲಿಯೂ ಏಳುವುದಿಲ್ಲ. ನನ್ನೆದೆ ಹಗುರಾಯಿತು. ಹೌದು, ಹಗುರಾಯಿತು. ಅದನ್ನು ಬರೆಯದಿದ್ದರೆ ಈ ಬರಹವೂ ಆ ವರದಿಯ ಹಾಗೆಯೇ.

ಹದಿನಾಲ್ಕೂವರೆ ಗಂಟೆ ದುಡಿದು, ಇಪ್ಪತ್ತೇಳು ಗಂಟೆ ನಿದ್ದೆಯಿಲ್ಲದೆ ನಿಂತಿದ್ದ ಮನುಷ್ಯನ ಹೆಸರಿನ ಮುಂದೆ ಬರೆದೆ: ಕೆಲಸ ಮಾಡಿದ ಸಮಯ — ಆರೂವರೆ ಗಂಟೆ. ಕಾರಣ — ಕಾರ್ಮಿಕನ ಅಜಾಗರೂಕತೆ.

ರಾತ್ರಿ ಪಾಳಿ ತಾವು ಮಾಡಿದ್ದಾಗಿ ಭಾವ ಸಹಿ ಹಾಕಿದರು. ಹೇಳಿದ ಮೇಲೂ ಮಲಗದೆ ಬಂದವನು ಎಂಬ ಸಿಟ್ಟು ಅವರಿಗೆ. ಹಾಗಾಗಿ ‘ಅಜಾಗರೂಕತೆ’ ಎಂಬ ಪದ ಅವರಿಗೆ ಸುಳ್ಳು ಅನಿಸಲಿಲ್ಲ. ಆ ಸಿಟ್ಟನ್ನು ಅವರಿಗೆ ಕೊಟ್ಟವಳು ನಾನು. ಜಶುಭಾಯಿ ಎಡಗೈ ಹೆಬ್ಬೆಟ್ಟು ಒತ್ತಿದರು. ಗುಜರಾತಿ ಪತ್ರಿಕೆಯನ್ನು ಕ್ಯಾಂಟೀನಿನಲ್ಲಿ ಎಲ್ಲರಿಗೂ ಗಟ್ಟಿಯಾಗಿ ಓದಿ ಹೇಳುತ್ತಿದ್ದ ಮನುಷ್ಯ. ಇಂಗ್ಲಿಷಿನಲ್ಲಿದ್ದ ವರದಿಯನ್ನು ನೋಡಿ, ‘ನೀವು ಬರೆದದ್ದು ಅಂದಮೇಲೆ ಸರಿಯೇ ಇರ್ತದೆ ಬೇನ್’ ಎಂದರು. ಅವರಿಗೆ ಕೊಡಬೇಕಾದ ಪರಿಹಾರವೇನೋ ಸಿಕ್ಕಿತು, ಗೇಟಿನ ಬಳಿ ಕುರ್ಚಿಯ ಕೆಲಸವೂ ಸಿಕ್ಕಿತು. ಯಂತ್ರದ ಹತ್ತಿರ ಮಾತ್ರ ಅವರನ್ನು ಮತ್ತೆ ಬಿಡಲಿಲ್ಲ. ಭಾವ ಅವರ ಮನೆಗೆ ಒಮ್ಮೆಯೂ ಹೋಗಲಿಲ್ಲ. ಗೇಟಿನಲ್ಲಿ ದಿನಾ ಎದುರಾದರೂ ತಲೆ ತಗ್ಗಿಸಿ ನಡೆದುಬಿಡುತ್ತಿದ್ದರು.

ವಡೋದರಾದವರು ಹೇಳಿ ಕಳಿಸುತ್ತೇವೆ ಎಂದಿದ್ದರು. ಹೇಳಿ ಕಳಿಸಲಿಲ್ಲ.

ಎರಡು ವರ್ಷದ ಮೇಲೆ ನಾನು ಆ ಕೆಲಸ ಬಿಟ್ಟೆ. ಭಾವನೂ ನಿವೃತ್ತಿಯಾಗಿ, ಅಕ್ಕನ ಜೊತೆ ಸೂರತ್‌ನಲ್ಲಿ ಮಗಳ ಮನೆ ಸೇರಿದರು. ನಾನು ಚಾಂದ್‌ಖೇಡಾದಲ್ಲಿ ಒಂದು ಕೋಣೆಯ ಮನೆ ಮಾಡಿಕೊಂಡು, ನವರಂಗಪುರದ ಒಂದು ತರಬೇತಿ ಕೇಂದ್ರದಲ್ಲಿ ಪಾಠ ಹೇಳುತ್ತೇನೆ — ಕಾರ್ಖಾನೆಯ ಕೆಲಸಗಾರರಿಗೆ, ಸುರಕ್ಷತೆಯ ಬಗ್ಗೆ. ಹೌದು, ಅದೇ ವಿಷಯ. ಸಂಜೆ ಬಸ್ಸಿನಲ್ಲಿ ಮನೆಗೆ ಬರುತ್ತೇನೆ, ಒಬ್ಬಳಿಗೆ ಅಕ್ಕಿ ಅಳೆಯುತ್ತೇನೆ, ದಿನಚರಿ ಬರೆಯುತ್ತೇನೆ. ಕನ್ನಡದಲ್ಲಿ ಮಾತಾಡುವುದು ವಾರಕ್ಕೊಮ್ಮೆ, ಅಕ್ಕನ ಜೊತೆ ಫೋನಿನಲ್ಲಿ. ಉಳಿದ ದಿನ ಕನ್ನಡ ನನಗೆ ಈ ಪುಸ್ತಕದಲ್ಲಿ ಮಾತ್ರ.

ಮೊನ್ನೆ ಚಳಿಗಾಲ ಶುರುವಾಗುವ ಹೊತ್ತಿಗೆ, ಬೇರೆ ಬೇರೆ ಕಾರ್ಖಾನೆಗಳಿಂದ ಬಂದ ಹಳೆಯ ಅಪಘಾತಗಳ ಉದಾಹರಣೆಗಳನ್ನು ಸಹೋದ್ಯೋಗಿಯೊಬ್ಬರು ಒಟ್ಟು ಮಾಡಿಕೊಟ್ಟಿದ್ದರು. ಹೆಸರು, ಊರು ಅಳಿಸಿದ ಹಾಳೆಗಳು. ತರಗತಿಯಲ್ಲಿ ಒಂದೊಂದಾಗಿ ಓದುತ್ತಿದ್ದೆ. ನಾಲ್ಕನೆಯದನ್ನು ಅರ್ಧ ಓದಿದ ಮೇಲೆ ‘ಆರೂವರೆ ಗಂಟೆ’ ಬಂತು. ನನ್ನದೇ ವಾಕ್ಯಗಳು. ಸಾಕಷ್ಟು ವಿಶ್ರಾಂತಿ ಪಡೆದಿದ್ದರೂ ಅಜಾಗರೂಕತೆಯಿಂದ ಆದ ಅಪಘಾತಕ್ಕೆ ಒಳ್ಳೆಯ ಉದಾಹರಣೆ ಎಂದು ಕೆಳಗೆ ಯಾರೋ ಟಿಪ್ಪಣಿ ಹಾಕಿದ್ದರು.

ಹಿಂದಿನ ಸಾಲಿನಲ್ಲಿ ಕೂತಿದ್ದ, ಮೀಸೆ ನರೆತ ಆಪರೇಟರ್ ಒಬ್ಬರು ಕೈ ಎತ್ತಿದರು. ‘ಇದು ನಂಬೋ ಹಾಗಿಲ್ಲ ಬೇನ್. ರಾತ್ರಿ ಮಲಗಿ ಬಂದವನು ಮಧ್ಯಾಹ್ನ ಒಂದೂವರೆಗೆ ತಿರುಗೋ ಡ್ರಮ್ಮಿಗೆ ಕೈ ಹಾಕಲ್ಲ. ಇವನು ಎರಡನೇ ಪಾಳಿಯಲ್ಲಿದ್ದ. ಬರೆದವರು ಸುಳ್ಳು ಬರೆದಿದ್ದಾರೆ.’

ತರಗತಿಯೆಲ್ಲ ನಕ್ಕಿತು. ‘ಕಾಕಾ, ನೀವು ಪೊಲೀಸ್ ಆಗಬೇಕಾಗಿತ್ತು!’ ಎಂದರು ಯಾರೋ. ಅವರು ನಗಲಿಲ್ಲ. ನನ್ನನ್ನೇ ನೋಡುತ್ತಿದ್ದರು, ಉತ್ತರಕ್ಕಾಗಿ. ‘ಇರಬಹುದು’ ಎಂದೆ. ಐದನೆಯ ಉದಾಹರಣೆಗೆ ಹೋದೆ.

ಸಂಖ್ಯೆಗಳನ್ನು ಓದಿದವಳು ನಾನು. ಇಂಥ ಹಾಳೆಗಳನ್ನು ಸೇರಿಸಿಯೇ ಕೋಷ್ಟಕ ಆಗುವುದು. ಕೋಷ್ಟಕ ನೋಡಿಯೇ ದಣಿವಿಗೂ ಗಾಯಕ್ಕೂ ಸಂಬಂಧ ಇದೆ, ಇಲ್ಲ ಎನ್ನುವುದು. ‘ನಿದ್ದೆ ಮಾಡಿ ಬಂದವರು’ ಎಂಬ ಕಡೆಗೆ ನಾನು ಒಬ್ಬ ಮನುಷ್ಯನನ್ನು ತಳ್ಳಿದ್ದೇನೆ. ಇನ್ನೆಷ್ಟು ಕಚೇರಿಗಳಲ್ಲಿ, ಇನ್ನೆಷ್ಟು ಜನ ಚಹಾ ಕುಡಿಯುತ್ತ — ಆದರೆ ಇದು ದೊಡ್ಡ ಮಾತು. ದೊಡ್ಡ ಮಾತಿನ ಹಿಂದೆ ಬಚ್ಚಿಟ್ಟುಕೊಳ್ಳುವುದೂ ನನಗೆ ಗೊತ್ತು. ನನ್ನದು ಒಂದೇ ಹಾಳೆ.

ಆ ಭಾನುವಾರ ವಟ್ವಾಕ್ಕೆ ಹೋದೆ, ಹೇಳಿಬಿಡಲು. ಕೈಲಾಸಬೇನ್ ಜಗುಲಿಯ ಮೇಲೆ ಅದೇ ಯಂತ್ರದ ಮುಂದಿದ್ದರು, ಕನ್ನಡಕ ಬಂದಿತ್ತು. ‘ಅಯ್ಯೋ, ದಾರಿ ತಪ್ಪಿ ಬಂದೆಯಾ?’ ಎಂದು ನನ್ನ ಕೈ ಹಿಡಿದು ಒಳಗೆ ಎಳೆದರು. ಜಶುಭಾಯಿ ಎಡಗೈಯಲ್ಲಿ ಚಹಾವನ್ನು ಸಾಸರಿಗೆ ಸುರಿದುಕೊಂಡು, ಉಳಿದೆರಡು ಬಲಬೆರಳುಗಳಿಂದ ಅದರ ಅಂಚು ಹಿಡಿದು ಕುಡಿದರು.

‘ಬೆರಳು ಒತ್ತೋ ಹಾಜರಿ ಯಂತ್ರ ಬಂತಲ್ಲ ಆಮೇಲೆ,’ ಎಂದು ನಕ್ಕರು. ‘ಸಾಹೇಬರಿಗೆ ಕೇಳಿದೆ, ನನಗೆ ಅರ್ಧ ಹಾಜರಿ ಹಾಕ್ತೀರಾ ಅಂತ.’

ನಾನೂ ನಕ್ಕೆ. ನಗಬೇಕಾಯಿತು.

ಅವರ ಓಣಿಯಿಂದ ಹೊಸದಾಗಿ ಕಾರ್ಖಾನೆಗೆ ಸೇರುವವರಿಗೆಲ್ಲ ಅವರು ಕೈ ತೋರಿಸಿ ಬುದ್ಧಿ ಹೇಳುತ್ತಾರಂತೆ — ನನ್ನ ಹಾಗೆ ಅಜಾಗರೂಕ ಆಗಬೇಡಿ ಎಂದು. ವರದಿಯನ್ನು ಅಳಿಯ ಓದಿ ಹೇಳಿದ್ದನಂತೆ. ‘ಮೊದಮೊದಲು ಅನಿಸ್ತಿತ್ತು, ರಾತ್ರಿಯಿಂದ ನಾನೇ ಇದ್ದೆನಲ್ಲ ಅಂತ. ಆದರೆ ಕಾಗದದಲ್ಲಿ ಮಂಜುಭಾಯಿ ಸಹಿ ಇದೆ. ಅವರು ಸುಳ್ಳು ಹೇಳೋರಲ್ಲ. ನೋವಿನಲ್ಲಿ ತಲೆ ಕಲಸಿಹೋಗಿರಬೇಕು ನನಗೆ. ಈಗಂತೂ ಕಾಗದ ಹೇಳಿದ್ದೇ ನೆನಪಿರೋದು.’

‘ಇದ್ದರು!’ ಎಂದರು ಕೈಲಾಸಬೇನ್, ಹೊಲಿಗೆ ನಿಲ್ಲಿಸಿ. ‘ರಾತ್ರಿಯಿಂದ ಅಲ್ಲೇ ಇದ್ದರು. ಬೆಳಿಗ್ಗೆ ನಾನೇ ಗೇಟಿಗೆ ಹೋಗಿ ಬುತ್ತಿ ಕೊಟ್ಟು ಬಂದಿದ್ದೀನಿ. ಈ ಮನುಷ್ಯ ನನ್ನ ಮಾತು ನಂಬಲ್ಲ, ಕಾಗದ ನಂಬ್ತಾರೆ.’ ನನ್ನ ಕಡೆ ತಿರುಗಿದರು. ‘ಮಂಜುಭಾಯಿ ಬರೋದಿಲ್ಲ ಅಂತ ಯಾರೂ ಹೇಳಲಿಲ್ಲ ನಮಗೆ. ಹಿಂದಿನ ಸಂಜೆ ನೀನು ಬಂದಿದ್ದೆಯಲ್ಲ ರವಿಕೆಗೆ — ನಿನಗಾದರೂ ಗೊತ್ತಿದ್ದಿದ್ದರೆ ಹೇಳಿಬಿಡ್ತಿದ್ದೆ.’

ಅವರ ಮುಖದಲ್ಲಿ ಅನುಮಾನದ ಒಂದು ಎಳೆಯೂ ಇರಲಿಲ್ಲ. ಒಂದು ಎಳೆ ಇದ್ದಿದ್ದರೆ ನಾನು ಹೇಳಿಬಿಡುತ್ತಿದ್ದೆನೇನೋ.

ಜಶುಭಾಯಿ ಬಾಗಿಲ ತನಕ ಬಂದರು. ‘ಮಂಜುಭಾಯಿ ಹೇಗಿದ್ದಾರೆ? ನನ್ನ ಮೇಲೆ ಕೋಪ ಇಳಿದಿದೆಯಾ? ಯಾಕೆ ಕೋಪ ಅಂತ ಮಾತ್ರ ಇವತ್ತಿಗೂ ಗೊತ್ತಾಗಲಿಲ್ಲ ಬೇನ್. ಒಂದು ಸಲ ಬರಲಿ ಅನ್ನಿ.’

‘ಹೇಳ್ತೀನಿ’ ಎಂದೆ. ಅದೇ ಓಣಿಯಲ್ಲಿ, ಅದೇ ಪದ.

ಬಸ್ಸಿನಲ್ಲಿ ಕೂತಾಗ ಅರ್ಥವಾಯಿತು. ಆ ಮನುಷ್ಯನಿಂದ ನಾನು ಕಸಿದುಕೊಂಡದ್ದು ಬೆರಳು ಮಾತ್ರವಲ್ಲ. ಹದಿನೆಂಟು ವರ್ಷ ಕಾಯುವುದನ್ನೇ ಕೆಲಸವೆಂದುಕೊಂಡಿದ್ದವರು ಈಗ ತಮ್ಮನ್ನು ತಾವು ಅಜಾಗರೂಕ ಎಂದು ಕರೆದುಕೊಳ್ಳುತ್ತಾರೆ. ಅವರ ಒಂದು ರಾತ್ರಿಯನ್ನೇ ತೆಗೆದು ಬೇರೆಯವರ ಹೆಸರಿಗೆ ಬರೆದೆ. ಅವರು ಅದನ್ನೂ ಒಪ್ಪಿಕೊಂಡರು. ನನ್ನ ನೆನಪಿನ ಮೇಲೆ ನನಗೆ ನಂಬಿಕೆಯಿಲ್ಲ, ಸರಿ. ಅವರ ನೆನಪು ಸರಿಯಾಗಿಯೇ ಇತ್ತು.

ಭಾವನಿಗೆ ಫೋನ್ ಮಾಡಿದೆ. ಅಕ್ಕ ಎತ್ತಿ, ಊಟ ಆಯಿತಾ ಎಂದು ಕೇಳಿ ಅವರಿಗೆ ಕೊಟ್ಟಳು. ಎಲ್ಲವನ್ನೂ ಹೇಳಿದೆ — ರವಿಕೆ, ಕುರ್ಚಿ, ಗಾಡಿಯಲ್ಲಿ ನಾನು ಆಡಿದ ಒಂದು ಪದ. ಹನ್ನೊಂದು ವರ್ಷ ನೀವು ಸಿಟ್ಟು ಮಾಡಿಕೊಂಡದ್ದು ತಪ್ಪು ಮನುಷ್ಯನ ಮೇಲೆ ಎಂದೆ. ಅವರು ಬೈಯಲಿಲ್ಲ. ಆಮೇಲೆ ನಾನು ಒಂದು ಪ್ರಶ್ನೆ ಕೇಳಿದೆ. ಫೋನನ್ನು ಅವರು ಮೇಜಿನ ಮೇಲೆ ಇಟ್ಟ ಸದ್ದಾಯಿತು, ಕಟ್ ಮಾಡಿರಲಿಲ್ಲ. ದೂರದಲ್ಲಿ ಮೊಮ್ಮಗಳು ಗುಜರಾತಿಯಲ್ಲಿ ‘ತಾತಾ, ಯಾರದು ಫೋನು?’ ಎಂದು ಕೇಳಿದಳು.

ಮೂರು ವಾರವಾಯಿತು. ಅಕ್ಕನಿಗೆ ಮಾಡಿದರೆ, ‘ಮಲಗಿದಾರೆ ಕಣೆ’ ಎನ್ನುತ್ತಾಳೆ.

ಒಂದು ಹೊಸ ಹಾಳೆ ಬರೆದಿದ್ದೇನೆ. ಜಶುಭಾಯಿ ತಾವೇ ಓದಿಕೊಳ್ಳಲಿ ಎಂದು ಗುಜರಾತಿಯಲ್ಲಿ. ನನ್ನ ಗುಜರಾತಿ ಅಕ್ಷರ ಮಕ್ಕಳ ಅಕ್ಷರದ ಹಾಗಿದೆ, ಮೂರು ಸಲ ತಿದ್ದಿ ಬರೆದೆ. ಕೆಲಸ ಮಾಡಿದ ಸಮಯ — ಹದಿನಾಲ್ಕೂವರೆ ಗಂಟೆ. ನಿದ್ದೆಯಿಲ್ಲದ್ದು — ಇಪ್ಪತ್ತೇಳು ಗಂಟೆ. ಕಾರಣದ ಅಂಕಣದಲ್ಲಿ ನನ್ನ ಹೆಸರು. ಇಂಥದೇ ಇನ್ನೊಂದು ಹಾಳೆ ತರಬೇತಿ ಕೇಂದ್ರಕ್ಕೆ, ನಾಲ್ಕನೆಯ ಉದಾಹರಣೆಯ ಮೇಲೆ ಲಗತ್ತಿಸಲು. ಈ ಭಾನುವಾರ ವಟ್ವಾಕ್ಕೆ ಹೋಗುತ್ತೇನೆ. ಕೈಲಾಸಬೇನ್ ನನ್ನ ಕೈ ಹಿಡಿದು ಒಳಗೆ ಎಳೆಯುವ ಮೊದಲೇ, ಜಗುಲಿಯ ಮೇಲೆ ನಿಂತೇ ಹೇಳಬೇಕು. ಒಬ್ಬಳೇ ಆದರೂ ಹೋಗುತ್ತೇನೆ. ಆದರೆ ರಾತ್ರಿ ಪಾಳಿ ಜಶುಭಾಯಿಯದು ಎಂದು ಹೇಳಬೇಕಾದವರು, ಆ ಕಾಗದದ ಮೇಲೆ ಸಹಿ ಮಾಡಿದವರು, ಇನ್ನೊಬ್ಬರಿದ್ದಾರೆ. ಆ ದಿನ ಫೋನಿನಲ್ಲಿ ನಾನು ಕೇಳಿದ್ದು ಅಷ್ಟೇ:

‘ಭಾವ, ಜಶುಭಾಯಿ ಮನೆಗೆ ನನ್ನ ಜೊತೆ ಬರ್ತೀರಾ?’